ಲೇಬಲ್ ಕೆರೆಯುವ ಬಾಯಾರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಚಪ್ಪಟೆಯಾಗಿ, ದಪ್ಪವಾಗಿ, ಹಳೆಯ ಸ್ಕ್ರೂಡ್ರೈವರಿನ ತುದಿಯಂತೆ ಸವೆದಿತ್ತು. ಉಳಿದ ಒಂಬತ್ತು ಉಗುರುಗಳು ಎಲ್ಲರ ಉಗುರುಗಳಂತೆಯೇ ಇದ್ದವು. ಈ ಒಂದರಿಂದ ಅವರು ಲೇಬಲ್ ಕೆರೆಯುತ್ತಿದ್ದರು. ಬಾಟಲಿ, ಡಬ್ಬಿ, ಗುಳಿಗೆಯ ಪಟ್ಟಿ, ಸೇಬುಹಣ್ಣಿನ ಮೇಲಿನ ಚೀಟಿ, ಏನೇ ಕೈಗೆ ಬಂದರೂ ಮೊದಲು ಹೆಬ್ಬೆರಳು ಅಂಚಿಗೆ ಹೋಗುತ್ತಿತ್ತು. ಈ ಲೇಬಲ್ಲಿನ ಕೆಳಗೆ ಇನ್ನೊಂದು ಲೇಬಲ್ ಇದೆಯೇ? ಹಳೆಯ ತಾರೀಖಿನ ಮೇಲೆ ಯಾರಾದರೂ ಹೊಸದನ್ನು ಅಂಟಿಸಿದ್ದಾರೆಯೇ? ನನ್ನ ಮಗಳ ಮದುವೆಯ ಕಾರ್ಡು ಕೊಟ್ಟಾಗಲೂ ವರನ ಹೆಸರಿನ ಮೇಲೆ ಒಮ್ಮೆ ಉಗುರು ಆಡಿಸಿದರು.

“ಹೊಸಾ ಹೆಸರು ಅಂಟಿಸಿಲ್ರೀ ಬಾಯಾರ, ಮೊದ್ಲಿಂದ ಇವನ ಅದಾನ” ಅಂದೆ.

ಅವರು ನಗಲಿಲ್ಲ. “ನೋಡೂದ್ರಾಗ ಏನ್ ತಪ್ಪೈತ್ರಿ?” ಅಂದರು.

ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಬಾಯಾರು ಎನ್ನುತ್ತೇವೆ. ಇವರು ಪಾಠ ಹೇಳುವವರಲ್ಲ. ಹೈದರಾಬಾದಿನ ಹೊರವಲಯದ ಒಂದು ಘಟಕದಲ್ಲಿ ತಯಾರಾದ ಮಾಲಿನ ಗುಣಮಟ್ಟ ನೋಡಿ ಸಹಿ ಹಾಕುವುದು, ಇಲ್ಲವೇ ಹಾಕದಿರುವುದು ಅವರ ಕೆಲಸ. ಅವರ ಎದುರಿಗೆ ನಿಂತರೆ ಮನೆಪಾಠ ಮಾಡದೆ ಬಂದವನ ಹಾಗೆ ಅಂಗಾಲು ಬೆವರುತ್ತಿದ್ದುದರಿಂದ ಆ ಹೆಸರನ್ನು ನಾನೇ ಇಟ್ಟೆ. ಕ್ರಮೇಣ ತೆಲುಗಿನವರು, ಹಿಂದಿಯವರು ಎಲ್ಲರೂ ಬಾಯಾರು ಎಂದೇ ಕರೆಯತೊಡಗಿದರು. ಕಲಬುರ್ಗಿ ಕಡೆಯ ಮನೆತನ. ಅಜ್ಜನ ಕಾಲದಿಂದಲೂ ಇಲ್ಲಿ ಸರ್ಕಾರಿ ಕಚೇರಿಗಳಲ್ಲಿ ನೌಕರಿ ಮಾಡಿದವರು. ಮದುವೆಯಾಗಿರಲಿಲ್ಲ, ಮಣಿಕೊಂಡದಲ್ಲಿ ತಂಗಿಯ ಮಗಳ ಜೊತೆ ಇರುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಅಂಥದ್ದನ್ನು ಕೇಳುವ ಧೈರ್ಯ ನನಗೊಬ್ಬನಿಗೇ ಇದ್ದದ್ದು. “ಬಂದ ಗಂಡುಗೋಳೆಲ್ಲಾ ತಮ್ಮ ಬಗ್ಗೆ ತಾವ ಛಲೋ ಹೇಳಿದ್ರು,” ಅಂದರು, “ಸಾಕ್ಷಿ ಯಾರೂ ತರ್ಲಿಲ್ಲ.”

ಇನ್ನು ನಾನು ಎಂಥವನು ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಕಡಿಮೆ ಹೇಳುತ್ತಾರೆ. ರಾಯಚೂರಿನ ಹಿಟ್ಟಿನ ಗಿರಣಿಯವನ ಮಗ. ಹಾಲಿನ ಡೇರಿಗಳಲ್ಲಿ, ಸಿರಪ್ ಕಾರ್ಖಾನೆಗಳಲ್ಲಿ ಕಲಕುವ ಯಂತ್ರಗಳನ್ನು ಕೂರಿಸುತ್ತ, ರಿಪೇರಿ ಮಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡೆ. ಸ್ಟೀಲಿನ ತೊಟ್ಟಿಗೆ ಕಿವಿಯಿಟ್ಟು ಒಳಗಿನ ಬೇರಿಂಗು ಇನ್ನೆಷ್ಟು ದಿನ ಬಾಳೀತು ಎಂದು ಹೇಳಬಲ್ಲವನು ಈ ಊರಿನಲ್ಲಿ ನಾನೊಬ್ಬನೇ. ಇನ್ನೊಬ್ಬನಿದ್ದ, ಅವನ ಕಿವಿ ಹೋಯಿತು. ಇದರ ಜೊತೆಗೆ ಕೀಟಲೆ. ಘಟಕದ ಮುಖ್ಯಸ್ಥರಾದ ಡಾಕ್ಟರು ಆಂಧ್ರದ ಕಡೆಯವರು, ಪರದೇಶದಲ್ಲಿ ಓದಿ ಬಂದವರು, ಬಹಳ ಗಂಭೀರ ಮನುಷ್ಯ. ಅವರ ಕೋಣೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಇಡೀ ಘಟಕವನ್ನು ಹನ್ನೊಂದೂವರೆಗೇ ಊಟಕ್ಕೆ ಕೂರಿಸಿದವನು ನಾನು. ಅವರ ಸೂಕ್ಷ್ಮದರ್ಶಕದ ಹೊದಿಕೆಯ ಕೆಳಗೆ ರಬ್ಬರಿನ ಹಲ್ಲಿ ಇಟ್ಟವನೂ ನಾನೇ. ಡಾಕ್ಟರು ಕುರ್ಚಿಯ ಮೇಲೆ ಹತ್ತಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಕೊಂಡಾಪುರದಲ್ಲಿದ್ದಾರೆ, ಬೇಕಾದರೆ ಕೇಳಿ.

ಆ ಘಟಕದಲ್ಲಿ ಏನು ತಯಾರಾಗುತ್ತದೆ ಎಂದು ಹೆಂಡತಿಗೆ ಹೇಳಿ ಹೇಳಿ ಸಾಕಾಗಿ ಕೊನೆಗೆ ಒಂದು ಸುಲಭದ ದಾರಿ ಹುಡುಕಿದ್ದೆ. ನರ ಎಂದರೆ ಕರೆಂಟಿನ ತಂತಿ. ತಂತಿಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದಲ್ಲ, ಹಾಗೆ ನರವನ್ನು ಸುತ್ತಿಕೊಂಡು, ಅದಕ್ಕೆ ಉಣಿಸಿ ಕಾಯುವ ಸಹಾಯಕ ಕೋಶಗಳು ಮೈಯಲ್ಲಿರುತ್ತವೆ. ಆ ಹೊದಿಕೆ ಹೋದರೆ ತಂತಿ ಇದ್ದೂ ದೀಪ ಉರಿಯುವುದಿಲ್ಲ, ಕಾಲು ಇದ್ದೂ ಮನುಷ್ಯ ನಡೆಯುವುದಿಲ್ಲ. ಇನ್ನೂ ಏನೂ ಆಗದ, ಏನು ಬೇಕಾದರೂ ಆಗಬಲ್ಲ ಕಾಂಡಕೋಶಗಳನ್ನು ತಂದು, ದಿನಕ್ಕೊಂದು ಔಷಧಿ ಕುಡಿಸಿ ಪಳಗಿಸಿ, ಅವನ್ನು ಇಂಥ ಸಹಾಯಕ ಕೋಶಗಳನ್ನಾಗಿ ಮಾಡುವುದು ನಮ್ಮ ಕೆಲಸ. ಅಂಗೈಯಗಲದ ಗಾಜಿನ ಪಾತ್ರೆಯಲ್ಲಿ ಡಾಕ್ಟರು ಇದನ್ನು ಸಲೀಸಾಗಿ ಮಾಡುತ್ತಿದ್ದರು. ಅಂಗೈಯಗಲದ್ದು ಇಲಿಗೆ ಸಾಕು, ಮನುಷ್ಯರಿಗೆ ಸಾಲದು. ಅದಕ್ಕೇ ದೊಡ್ಡ ತೊಟ್ಟಿ ಬಂತು, ತೊಟ್ಟಿಯ ಹಿಂದೆ ನಾನು ಬಂದೆ.

ತೊಟ್ಟಿಯೊಳಗೆ ಕೋಶಗಳು ಒಂದಕ್ಕೊಂದು ಅಂಟಿ ಸಣ್ಣ ಉಂಡೆಗಳಾಗಿ ತೇಲುತ್ತವೆ. ರವೆಯ ಕಾಳಿನಷ್ಟಿದ್ದರೆ ಸರಿ. ಬೂಂದಿಯಷ್ಟಾದರೆ ಕೆಟ್ಟಿತು. ನಡುವಿನ ಕೋಶಗಳಿಗೆ ಗಾಳಿ ಸಿಗುವುದಿಲ್ಲ, ಔಷಧಿ ತಲುಪುವುದಿಲ್ಲ. ಅವು ಸಾಯುತ್ತವೆ, ಇಲ್ಲವೇ ಪಳಗದೆ ಹಸಿಯಾಗಿಯೇ ಉಳಿಯುತ್ತವೆ. ಅಂಥ ಹಸಿ ಕೋಶ ರೋಗಿಯ ಬೆನ್ನುಹುರಿಗೆ ಹೋದರೆ ಅಲ್ಲಿ ಗಡ್ಡೆಯಾಗಿ ಬೆಳೆದೀತು. ಹಾಗಾಗಿ ಒಳಗಿನ ರೆಕ್ಕೆ ಸದಾ ತಿರುಗುತ್ತಿರಬೇಕು: ಜೋರಾದರೆ ಕೋಶ ಹರಿದು ಚೂರಾಗುತ್ತದೆ, ನಿಧಾನವಾದರೆ ತಳಕ್ಕೆ ಕೂರುತ್ತದೆ. ಬಾಯಾರು ಸೂಕ್ಷ್ಮದರ್ಶಕದ ಮುಂದೆ ಕೂತರೆ, ಬಣ್ಣ ಹಾಕಿದಾಗ ಹಸಿರಾಗಿ ಹೊಳೆಯುವ, ಪಳಗಿದ ಸಾವಿರಾರು ಕೋಶಗಳ ನಡುವೆ ಹೊಳೆಯದ, ಪಳಗದ ಒಂದನ್ನು ಹುಡುಕುತ್ತಿದ್ದರು. “ಹೊಳ್ಯಾವ್ನ ಎಣಿಸಾಕ ಡಾಕ್ಟರ್ ಅದಾರ,” ಎನ್ನುವರು, “ನನ್ನ ಕೆಲಸ ಹೊಳೀಲಾರದ್ದನ್ನ ಹಿಡಿಯೂದು.”

ನನ್ನನ್ನೂ ಅವರು ಮೊದಲ ದಿನದಿಂದ ಹಾಗೆಯೇ ನೋಡಿದರು. ಕೆಲಸಕ್ಕೆ ಸೇರಿದ ಬೆಳಿಗ್ಗೆ ಬಾಗಿಲಲ್ಲೇ ತಡೆದು, “ನಿಮ್ಮ ಕಿಸೇದಾಗ ಏನೈತ್ರಿ?” ಎಂದರು. ರಬ್ಬರಿನ ಹಲ್ಲಿ ಇತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ಚೀರದೆ, ಹೊಟ್ಟೆಯ ಕೆಳಗೆ ಉಗುರಿನಿಂದ ಕೆರೆದು, ವಾಪಸು ಕೊಟ್ಟರು. “ಹೊರಗಿಟ್ಟು ಬರ್ರಿ” ಎಂದರು. ಅಷ್ಟೇ. ಇಂಥ ಹೆಂಗಸಿನ ಮೇಲೆ ನನಗೆ ಅನುಮಾನ ಹುಟ್ಟದಿದ್ದರೆ ಹೇಗೆ? ಹಲ್ಲಿಗೆ ಹೆದರದವರು ಏನು ಮಾಡಲಿಕ್ಕೂ ಹೇಸುವುದಿಲ್ಲ ಎಂದು ಆ ದಿನವೇ ಲಿಂಗಂಪಲ್ಲಿಯ ರೈಲಿನಲ್ಲಿ ನಿಂತು ಲೆಕ್ಕ ಹಾಕಿದೆ.

ಸೇಡು ತೀರಿಸಿಕೊಳ್ಳಲು ಒಂದು ದಿನ ನನ್ನ ಬುತ್ತಿಯ ಡಬ್ಬಿಗೆ ಘಟಕದ್ದೇ ಲೇಬಲ್ ಅಂಟಿಸಿ, ಪರೀಕ್ಷೆಗೆ ಬಂದ ಮಾಲಿನ ಸಾಲಿನಲ್ಲಿ ಅವರ ಮೇಜಿನ ಮೇಲೆ ಇಟ್ಟುಬಂದೆ. “ಪದಾರ್ಥ: ಜೋಳದ ರೊಟ್ಟಿ. ತಯಾರಕರು: ನನ್ನ ಹೆಂಡತಿ. ದೋಷ: ಕಂಡುಬಂದಿಲ್ಲ, ಕಂಡುಬಂದರೂ ಹೇಳುವ ಧೈರ್ಯವಿಲ್ಲ.” ಊಟದ ಹೊತ್ತಿಗೆ ಡಬ್ಬಿ ವಾಪಸು ಬಂತು, ಮೇಲೆ ಅವರ ದುಂಡನೆಯ ಅಕ್ಷರದ ಚೀಟಿ: “ತಯಾರಿಸಿದ ವೇಳೆ ನಮೂದಿಸಿಲ್ಲ. ಮೂರರಲ್ಲಿ ಒಂದನ್ನು ಮಾದರಿಗಾಗಿ ತೆಗೆದುಕೊಳ್ಳಲಾಗಿದೆ. ಉಳಿದವು ತಿರಸ್ಕೃತ.” ಹೋಗಿ ನೋಡಿದರೆ ಮಾದರಿಯ ಅರ್ಧ ಅವರ ಹೊಟ್ಟೆ ಸೇರಿತ್ತು, ಇನ್ನರ್ಧ ಪ್ಲಾಸ್ಟಿಕ್ ಚೀಲದಲ್ಲಿ ತಾರೀಖು ಹಾಕಿಸಿಕೊಂಡು ಕಪಾಟಿನಲ್ಲಿ ಕೂತಿತ್ತು.

“ಇದ್ಯಾಕ್ರೀ ಬಾಯಾರ?”

“ನಾಳೆ ನಿಮ್ಮ ಹೊಟ್ಟಿ ಕೆಟ್ರ ತೋರಸಾಕ ಬೇಕಲ್ರಿ.”

ಅದು ಜೋಕೋ, ನಿಜವೋ, ನನಗೆ ಗೊತ್ತಾಗಲಿಲ್ಲ. ಜನ್ಮವಿಡೀ ಜನರ ಮುಖದ ಮೇಲೆ ಅದೇ ಪ್ರಶ್ನೆಯನ್ನು ಮೂಡಿಸುತ್ತ ಬಂದವನು ನಾನು. ನನ್ನ ಮುಖದ ಮೇಲೆ ಅದನ್ನು ಮೂಡಿಸಿದವರು ಅವರೊಬ್ಬರೇ.

ದೊಡ್ಡ ತೊಟ್ಟಿಯ ಮೊದಲ ಬ್ಯಾಚು ಮೂರನೆಯ ವಾರಕ್ಕೆ ಕೆಟ್ಟಿತು. ಉಂಡೆಗಳು ಬೂಂದಿಯಾಗಿದ್ದವು. ಬಾಯಾರು ಸಹಿ ಹಾಕಲಿಲ್ಲ. ಅಷ್ಟೂ ಕೋಶಗಳನ್ನು ಔಷಧಿ ಹಾಕಿ ಕೊಂದು ಚೆಲ್ಲಿದರು. ಎರಡನೆಯದೂ ಹಾಗೆಯೇ ಹೋಯಿತು. ಪಕ್ಕದ ಕೋಣೆಯಲ್ಲಿ, ಪುಟ್ಟ ಕಡ್ಡಿಯೊಂದು ಸದಾ ಕಲಕುವ ಸಣ್ಣ ಗಾಜಿನ ಪಾತ್ರೆಗಳಲ್ಲಿ ಅದೇ ಕೋಶ, ಅದೇ ಔಷಧಿ, ಅದೇ ಕೈಗಳು. ಅಲ್ಲಿ ಎಲ್ಲವೂ ರವೆಯಂತೆ ಬಂದವು. ದೊಡ್ಡದು ಮಾಡಿದ ಕೂಡಲೇ ಏನೋ ಒಂದು ಬದಲಾಗುತ್ತಿದೆ, ಅದು ಏನು ಎಂದು ಡಾಕ್ಟರು ರೆಕ್ಕೆಯ ಆಕಾರ, ನೀರಿನ ಸುಳಿ, ಗಾಳಿಯ ಗುಳ್ಳೆ ಎಲ್ಲದರ ಲೆಕ್ಕ ಹಾಕಿ ಹಾಕಿ ಸೊರಗಿದರು. ನಾನು ನನ್ನ ಲೆಕ್ಕ ಹಾಕಿದೆ. ಜನರೇಟರಿನವನ ಮೇಲೆ ಅನುಮಾನ ಬಂತು, ನೀರು ಶುದ್ಧ ಮಾಡುವವನ ಮೇಲೆ ಬಂತು. ಸಹಿ ಹಾಕದಿದ್ದರೆ ತನಗೇ ಬೆಲೆ ಹೆಚ್ಚು ಎಂದು ಬಾಯಾರೇ ಏನಾದರೂ ಮಾಡುತ್ತಿರಬಹುದೇ ಎಂದೂ ಒಂದು ಸಂಜೆ ಅನ್ನಿಸಿತು.

ಆದರೆ ಉಳಿದವರೆಲ್ಲರ ಅನುಮಾನ ಒಂದೇ ಕಡೆ ಹೋಯಿತು. ಡಾಕ್ಟರು ನನ್ನನ್ನು ಕರೆದು ಎಲ್ಲರ ಮುಂದೆ, “ಏಮಯ್ಯಾ ಪೆದ್ದಾಯನಾ,” ಎಂದರು, “ಗಡಿಯಾರಂ ಅಯಿಪೋಯಿಂದಿ, ಬಲ್ಲಿ ಅಯಿಪೋಯಿಂದಿ. ಇಪ್ಪುಡು ನಾ ಟ್ಯಾಂಕಾ?” ಏನಯ್ಯಾ ಹಿರಿಯಾ, ಗಡಿಯಾರ ಮುಗಿಯಿತು, ಹಲ್ಲಿ ಮುಗಿಯಿತು, ಈಗ ನನ್ನ ತೊಟ್ಟಿಯೇ ಎಂದು. ಯಾರೂ ನಗಲಿಲ್ಲ. ಆಸ್ಪತ್ರೆಯಲ್ಲಿ ಬೆನ್ನುಹುರಿ ಜಜ್ಜಿಹೋದ ರೋಗಿಗಳು ಈ ಪ್ರಯೋಗಕ್ಕೆಂದು ಹೆಸರು ಬರೆಸಿ ಕಾದಿದ್ದರು. ಇನ್ನೊಂದು ಬ್ಯಾಚಿಗೆ ಅವಕಾಶವಿತ್ತು. ಅದೂ ಕೆಟ್ಟರೆ ದೊಡ್ಡ ತೊಟ್ಟಿಯನ್ನೇ ಮುಚ್ಚುವುದು, ಅದಕ್ಕೆ ಮುಂಚೆ ನನ್ನನ್ನು ಹೊರಗೆ ಹಾಕುವುದು ಎಂದಾಯಿತು. ಬೇಕೆಂದೇ ಔಷಧ ಕೆಡಿಸಿದವನು ಎಂಬ ಹೆಸರು ಹೊತ್ತು ಹೋದರೆ ಆ ವಯಸ್ಸಿನಲ್ಲಿ ಯಾವ ಕಾರ್ಖಾನೆಯವನು ನನ್ನನ್ನು ಗೇಟಿನೊಳಗೆ ಬಿಡುತ್ತಾನೆ?

ಮನೆಗೆ ಬಂದು ಹೆಂಡತಿಗೆ ಹೇಳಿದೆ: “ದೇವರಾಣಿ, ಈ ಸಲ ನಾ ಏನೂ ಮಾಡಿಲ್ಲ.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ನಲ್ವತ್ತು ವರ್ಷ ಆತು. ನೀವು ಖರೇ ಹೇಳಿದ್ರೂ ನನಗ ನಂಬಿಕಿ ಬರೂದಿಲ್ಲ. ಅವರಿಗೆ ಹೆಂಗ ಬರಬೇಕ್ರೀ?”

ಮಾರನೆಯ ದಿನ ಬಾಯಾರು ವಿಚಾರಣೆಗೆ ಕರೆದರು. ಮೇಜಿನ ಮೇಲೆ ಖಾಲಿ ಹಾಳೆ, ಪೆನ್ನು. ಅವರು ಕೇಳುವುದು, ನಾನು ಹೇಳುವುದು, ಹೇಳಿದ್ದನ್ನು ಹೇಳಿದಂತೆ ಬರೆಯುವುದು, ಕೊನೆಗೆ ನಾನು ಸಹಿ ಹಾಕುವುದು. ಹೆದರಿದರೆ ನನ್ನ ಬಾಯಿ ಇನ್ನೂ ಜೋರಾಗುತ್ತದೆ.

“ಬೆಳಿಗ್ಗಿ ಬಂದ ಕೂಡ್ಲೆ ಏನ್ ಮಾಡ್ತೀರಿ?”

“ಇವತ್ತು ನಿಮ್ಮ ದರ್ಶನ ಆಗಬಾರದು ಅಂತ ಕೈ ಮುಗದು ಬೇಡ್ಕೋತೀನ್ರಿ.”

ಬರೆದರು. ಅಕ್ಷರ ತಪ್ಪದೆ ಬರೆದರು.

“ಆಮ್ಯಾಲೆ?”

“ನೀವು ಬಂದೇ ಬರ್ತೀರಿ. ದೇವ್ರ ಮ್ಯಾಲಿನ ನಂಬಿಕಿ ಹೋಗ್ತೈತಿ. ಚಾ ಕುಡೀತೀನಿ.”

ಅದನ್ನೂ ಬರೆದರು. ಹೀಗೆ ಎರಡು ಹಾಳೆ ತುಂಬಿದ ಮೇಲೆ ನನ್ನ ಕಡೆ ತಿರುಗಿಸಿದರು. ನನ್ನ ಜೋಕುಗಳನ್ನು ಬರವಣಿಗೆಯಲ್ಲಿ ಓದಿದಾಗ ಒಂದೂ ಚೆನ್ನಾಗಿಲ್ಲ ಎಂದು ಮೊದಲ ಸಲ ಗೊತ್ತಾಯಿತು. ಸಹಿ ಹಾಕುತ್ತ ಕೇಳಿದೆ: “ನಿಮಗೂ ನನ್ನ ಮ್ಯಾಲೆ ಅನುಮಾನ ಏನ್ರಿ?”

“ಐತ್ರಿ” ಎಂದರು ಸಲೀಸಾಗಿ. “ಡಾಕ್ಟರ್ ಮ್ಯಾಲೂ ಐತಿ. ಜನರೇಟರ್‌ನಾವನ ಮ್ಯಾಲೂ ಐತಿ. ನನ್ನ ಮ್ಯಾಲೂ ಐತಿ. ಎಲ್ಲರ ಮ್ಯಾಲೂ ಅಷ್ಟಷ್ಟ ಐತಿ.”

ಮೂರನೆಯ ಬ್ಯಾಚು ಶುರುವಾಯಿತು. ತೊಟ್ಟಿ ಇರುವ ಶುದ್ಧ ಕೋಣೆಯ ಹಿಂದೆ ಪೈಪುಗಳು, ಮೋಟಾರು, ಸ್ವಿಚ್ಚುಗಳ ಒಂದು ಓಣಿ ಇದೆ. ಅದು ನನ್ನ ರಾಜ್ಯ, ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಬಾಯಾರು ಪ್ಲಾಸ್ಟಿಕ್ಕಿನ ಸ್ಟೂಲು ಹಾಕಿಕೊಂಡು ಮೋಟಾರಿನ ಎದುರಿಗೆ ಕೂತಿದ್ದಾರೆ. ತೊಡೆಯ ಮೇಲೆ ನೋಟುಪುಸ್ತಕ. ನಾನು ಬೋಲ್ಟು ತಿರುಗಿಸುವ ಪಾನಾ ಎತ್ತಿದರೆ ಬರೆಯುತ್ತಾರೆ, ಇಳಿಸಿದರೆ ಬರೆಯುತ್ತಾರೆ, ಸೀನಿದರೆ ತಲೆಯೆತ್ತಿ ನೋಡಿ ಬರೆಯುತ್ತಾರೆ. ಒಮ್ಮೆ ಸುಮ್ಮನೆ ಪೈಪಿನ ಕಡೆಗೆ ಕಣ್ಣು ಹೊಡೆದೆ. ಎದ್ದು ಹೋಗಿ ಆ ಪೈಪನ್ನು ಉಗುರಿನಿಂದ ಕೆರೆದು ನೋಡಿದರು. ಐದು ದಿನ ಹೀಗೆ. ಐದೂ ದಿನ ಒಳಗಿನ ಉಂಡೆಗಳು ರವೆಯಂತೆ ಇದ್ದವು.

ಘಟಕದಲ್ಲಿ ಪಿಸುಮಾತು ಶುರುವಾಯಿತು: ಬಾಯಾರು ಕಾವಲು ಕೂತರು, ಮುದುಕನ ಕೈ ಕಟ್ಟಿತು, ಬ್ಯಾಚು ಚೆನ್ನಾಗಿದೆ, ಇನ್ನೇನು ಸಾಕ್ಷಿ ಬೇಕು? ಡಾಕ್ಟರು ನನ್ನನ್ನು ಕಳಿಸುವ ಕಾಗದ ಸಿದ್ಧ ಮಾಡಿಸಿದರು ಎಂದೂ ಕೇಳಿದೆ. ನಾನು ಬಾಯಾರನ್ನು ಮನಸ್ಸಿನಲ್ಲೇ ಬೈದೆ. ಈ ಹೆಂಗಸು ಸ್ಟೂಲು ಹಾಕಿ ಕೂತದ್ದು ನನ್ನ ಕುತ್ತಿಗೆಗೆ ಹಗ್ಗ ಅಳೆಯಲಿಕ್ಕೆ ಎಂದುಕೊಂಡೆ.

ಆರನೆಯ ದಿನ ಅವರು ಕೈಯಲ್ಲಿ ಆ ವಿಚಾರಣೆಯ ಹಾಳೆ ಹಿಡಿದು ಬಂದರು. ಮೊದಲ ಸಾಲಿನ ಕೆಳಗೆ ಗೆರೆ ಎಳೆದಿತ್ತು.

“ಕೈ ಮುಗದು ಬೇಡ್ಕೋತೀನಿ ಅಂದೀರಿ. ಎಲ್ಲಿ ನಿಂತು?”

“ಅದು ಚ್ಯಾಷ್ಟಿ ಮಾಡಿದ್ದು ಬಾಯಾರ.”

“ನನ್ನ ದರ್ಶನದ್ದು ಚ್ಯಾಷ್ಟಿ. ಕೈ ಮುಗಿಯೂದು?”

ಅದು ಯಾರಿಗೂ ಹೇಳದ ಸಂಗತಿ. ಊರನ್ನೆಲ್ಲ ನಗಿಸುವವನು ಕಣ್ಣು ಮುಚ್ಚಿ ಕೈಮುಗಿದು ನಿಂತದ್ದನ್ನು ಯಾರಾದರೂ ಕಂಡರೆ ನನ್ನ ಮರ್ಯಾದೆ ಏನಾಗಬೇಕು? ಅದಕ್ಕೇ ಅವರು ಕೂತಿದ್ದ ಐದು ದಿನ ಅದನ್ನು ಬಿಟ್ಟಿದ್ದೆ.

“ಮೋಟಾರ್ ಮುಂದ” ಎಂದೆ ಕೊನೆಗೆ. “ನಮ್ಮಪ್ಪ ಗಿರಣಿಗೆ ದಿನಾ ಮಾಡ್ತಿದ್ದ. ಬೆಲ್ಟ್ ನಿಲ್ಲಿಸಿ, ಕೈ ಮುಗದು, ಎರಡು ಸಾಲು ಅಂದು, ಮತ್ತ ಶುರು ಮಾಡಾಂವ. ನಾನೂ ಡೇರಿಯಾಗ ಹಂಗ ಮಾಡ್ತಿದ್ದೆ.”

“ನಿಲ್ಲಿಸಿ?”

“ನಿಲ್ಲಿಸಿ ಮತ್ತ. ಓಡಾಕತ್ತಿದ್ದ ಮನಷ್ಯಾಗ ಯಾರರ ನಮಸ್ಕಾರ ಮಾಡ್ತಾರೇನ್ರಿ? ಅಲ್ಲೇ ಗ್ವಾಡಿ ಮ್ಯಾಲಿನ ಸ್ವಿಚ್ ಆಫ್ ಮಾಡ್ತೀನಿ, ಕೈ ಮುಗೀತೀನಿ, ಆನ್ ಮಾಡ್ತೀನಿ. ಎಷ್ಟೊತ್ತ ಆದೀತು?”

“ಅಲಾರಾಂ ಹೊಡ್ಕೋಳೂದಿಲ್ಲ?”

ಇಲ್ಲಿ ನನ್ನ ಜಂಬ ನನಗಿಂತ ಮುಂಚೆ ಮಾತಾಡಿತು. ಕರೆಂಟು ಹೋಗಿ ಜನರೇಟರು ಹತ್ತುವಷ್ಟರಲ್ಲಿ ದಿನಕ್ಕೆ ನಾಲ್ಕು ಸಲ ಅಲಾರಂ ಕೂಗಿ ಡಾಕ್ಟರು ಕಿರುಚುತ್ತಿದ್ದರು. ರೆಕ್ಕೆ ಪೂರ್ತಿ ಮೂರು ನಿಮಿಷ ನಿಂತರೆ ಮಾತ್ರ ಕೂಗುವ ಹಾಗೆ ನಾನೇ ತಿದ್ದಿದ್ದೆ, ನನ್ನ ಹೊರತು ಅದು ಯಾರಿಗೂ ಬರುತ್ತಿರಲಿಲ್ಲ ಎಂದು ವಿವರಿಸಿದೆ. ಬಾಯಾರು ಎದ್ದು ಘಟಕದ ಕ್ಯಾಂಟೀನಿನ ಅಡುಗೆಮನೆಗೆ ಹೋಗಿ ಒಂದು ಗಾಜಿನ ಲೋಟ, ನೀರು, ಚಮಚೆ, ಒಂದು ಮುಷ್ಟಿ ಉಪ್ಪಿಟ್ಟಿನ ರವೆ ತಂದರು. ರವೆಯನ್ನು ನೀರಿಗೆ ಹಾಕಿ ಕಲಕುತ್ತ ಹೇಳಿದರು: “ನಾ ಕೈ ನಿಲ್ಲಿಸ್ತೀನಿ. ನೀವು ದಿನಾ ಎಷ್ಟ ಅಂತೀರೋ ಅಷ್ಟ ಅನ್ರಿ. ಕಡಿಮಿ ಮಾಡಬ್ಯಾಡ್ರಿ, ಹೆಚ್ಚ ಮಾಡಬ್ಯಾಡ್ರಿ.”

ಕಣ್ಣು ಮುಚ್ಚಿ ಗಟ್ಟಿಯಾಗಿ ಅಂದೆ: ಅಪ್ಪ ಕಲಿಸಿದ ಎರಡು ಸಾಲು, ಆಮೇಲೆ ನಾನು ಸೇರಿಸಿಕೊಂಡ ಕುಲದೇವರು, ಹೆಂಡತಿ, ಮಗಳು, ಅಳಿಯನಿಗೆ ಬುದ್ಧಿ, ರೈಲಿನಲ್ಲಿ ಸೀಟು. ಕಣ್ಣು ತೆರೆದಾಗ ಲೋಟದ ನೀರು ತಿಳಿಯಾಗಿತ್ತು. ರವೆಯೆಲ್ಲ ತಳದಲ್ಲಿ ಒಂದರ ಮೇಲೊಂದು ಒತ್ತಿ ಕೂತಿತ್ತು. ಬಾಯಾರು ಕೈಗಡಿಯಾರ ನೋಡಿದರು.

“ಎರಡೂವರಿ ನಿಮಿಷ. ಅಳಿಯನ ಬುದ್ಧಿಗೆ ಭಾಳ ಹೊತ್ತು ಹಿಡೀತೇನ್ರಿ?”

ರವೆಗೆ ಅಂಟುವ ಗುಣ ಕಡಿಮೆ. ಚಮಚೆ ಆಡಿಸಿದರೆ ಮತ್ತೆ ಎದ್ದಿತು. ಕೋಶಗಳು ಹಾಗಲ್ಲ. ತಳದಲ್ಲಿ ಮೈಗೆ ಮೈ ತಾಗಿದರೆ ಅಷ್ಟರಲ್ಲೇ ಹಿಡಿದುಕೊಳ್ಳುತ್ತವೆ, ಆಮೇಲೆ ಎಷ್ಟು ತಿರುಗಿಸಿದರೂ ಜೋಡಿ ಬಿಡುವುದಿಲ್ಲ. ದಿನಕ್ಕೊಮ್ಮೆ ಹೀಗೆ ಕೂತು ಕೂತು ರವೆ ಬೂಂದಿಯಾಗುತ್ತಿತ್ತು. ಸಣ್ಣ ಪಾತ್ರೆಗಳು ಯಾಕೆ ಕೆಡಲಿಲ್ಲ ಎಂದು ಈಗ ಹೇಳುವ ಅಗತ್ಯವಿಲ್ಲ. ಅಂಗೈಯಗಲದ ಗಾಜಿಗೆ ಯಾರು ಕೈಮುಗಿಯುತ್ತಾರೆ? ದೊಡ್ಡದಾದ ಕೂಡಲೇ ಬದಲಾಗುವುದು ಏನು ಎಂದು ಡಾಕ್ಟರು ಹುಡುಕುತ್ತಲೇ ಇದ್ದರು. ಬದಲಾದದ್ದು ನನ್ನ ಭಕ್ತಿ.

ಎರಡು ಬ್ಯಾಚು. ಕಾಯುತ್ತಿದ್ದ ರೋಗಿಗಳು. ನನ್ನ ಬಾಯಿಗೆ ಒಂದು ಜೋಕೂ ಬರಲಿಲ್ಲ. “ಬರೀಬ್ಯಾಡ್ರಿ ಬಾಯಾರ” ಎಂದೆ. “ಇನ್ನ ಮುಂದ ಮಾಡೂದಿಲ್ಲ. ಯಾರಿಗೂ ಗೊತ್ತಾಗೂದಿಲ್ಲ.”

ಅವರು ಪೆನ್ನಿನ ಮುಚ್ಚಳ ತೆಗೆದರು. “ಬರದ್ರ ನಿಮ್ಮ ನೌಕರಿ ಹೋಗಬಹುದು. ಬರೀರಿ ಅಂದ್ರ ನೌಕರಿ ಉಳಸ್ತೀನಿ ಅಂತ ಮಾತು ಕೊಡಂಗಿಲ್ಲ ನಾ. ಬರೀದಿದ್ರ, ಬೇಕಂತ ಕೆಡಿಸಿದಾಂವ ಅಂತ ಅನ್ಕೊಂತ ಇರ್ತಾರ, ನೀವು ಇದ್ರೂ, ಹೋದ್ರೂ. ಹೇಳ್ರಿ.”

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದ ನೋಟ ನೆನಪಾಯಿತು. “ಬರೀರಿ” ಎಂದೆ.

ಡಾಕ್ಟರಿಗೆ ಕಾಗದ ಓದಿ ಇನ್ನಷ್ಟು ಸಿಟ್ಟು ಬಂತು. ನಮಸ್ಕಾರವಂತೆ, ಅಪ್ಪನ ಗಿರಣಿಯಂತೆ. ಇದೂ ಈ ಮುದುಕನ ಒಂದು ಕಥೆ, ಯೇ ಸಬ್ ನಾಟಕ್ ಹೈ ಎಂದರು. ಬಾಯಾರು ನನ್ನ ಪರವಾಗಿ ಒಂದು ಒಳ್ಳೆಯ ಮಾತೂ ಆಡಲಿಲ್ಲ. ವಿಚಾರಣೆಯ ಎರಡು ಹಾಳೆಗಳನ್ನು ಮುಂದಿಟ್ಟು ಹೇಳಿದರು: “ಡಾಕ್ಟರ್ ಸಾಬ್, ಇವರು ಸುಳ್ಳು ಹೇಳುವಾಗ ಕೇಳಾವ್ರಿಗೆ ನಗಿ ಬರ್ತೈತಿ. ಇದ್ರಾಗ ನೋಡ್ರಿ, ಸಾಲಿಗೊಂದು ಚ್ಯಾಷ್ಟಿ ಐತಿ. ಈ ಹೊಸಾ ಕಾಗದದಾಗ ನಮಸ್ಕಾರದ್ದು ಹೇಳುವಾಗ ಒಂದೂ ಇಲ್ಲ.” ಆಮೇಲೆ ಇನ್ನೂ ತಣ್ಣಗೆ, “ನೀವು ನಂಬಬ್ಯಾಡ್ರಿ. ನಾನೂ ನಂಬಿಲ್ಲ. ಮಾಡಿ ನೋಡೂಣು.”

ಮಾಡಿ ನೋಡಿದರು. ದೊಡ್ಡ ತೊಟ್ಟಿ ನಿಲ್ಲದೆ ತಿರುಗಿತು. ಪಕ್ಕದ ಕೋಣೆಯಲ್ಲಿ ಒಂದು ಸಣ್ಣ ಪಾತ್ರೆಯ ಕಡ್ಡಿಯನ್ನು ಮಾತ್ರ ದಿನಾ ಬೆಳಿಗ್ಗೆ ಎರಡೂವರೆ ನಿಮಿಷ ನಿಲ್ಲಿಸಿದರು. ನಿಲ್ಲಿಸುವಾಗ ನಾನು ಪ್ರಾರ್ಥಿಸಲೇ ಎಂದು ಕೇಳಿದ್ದಕ್ಕೆ ಡಾಕ್ಟರು ಮೊದಲ ಸಲ ನಕ್ಕರು, ತಡೆಯಲಾಗದೆ ನಕ್ಕದ್ದು. ಮೂರನೆಯ ವಾರಕ್ಕೆ ಸಣ್ಣ ಪಾತ್ರೆ ಬೂಂದಿಯಾಯಿತು. ದೊಡ್ಡ ತೊಟ್ಟಿಯ ಕೋಶಗಳನ್ನು ಬಾಯಾರು ಎರಡು ದಿನ ಸೂಕ್ಷ್ಮದರ್ಶಕದ ಕೆಳಗೆ ಹಿಡಿದು, ಹೊಳೆಯದ ಒಂದನ್ನು ಹುಡುಕಿ ಹುಡುಕಿ, ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ಬಂದು, ಸಹಿ ಹಾಕಿದರು. ನನ್ನನ್ನು ಕಳಿಸುವ ಕಾಗದ ಏನಾಯಿತೋ ಗೊತ್ತಿಲ್ಲ. ಅಲಾರಂ ಮಾತ್ರ ಮತ್ತೆ ದಿನಕ್ಕೆ ನಾಲ್ಕು ಸಲ ಕೂಗತೊಡಗಿತು.

ಮುಂದಿನ ವಾರ ಘಟಕದ ಕೆಲಸದ ನಿಯಮಗಳ ಹೊಸ ಪ್ರತಿ ಬಂತು. ನನ್ನ ಓಣಿಯ ಗೋಡೆಗೆ ಅಂಟಿಸಲು ಕೊಟ್ಟರು. ಕಲಕುವ ಯಂತ್ರದ ವಿಭಾಗದಲ್ಲಿ, ಎಣ್ಣೆ ಬಿಡುವ ನಿಯಮಕ್ಕೂ ಬೋಲ್ಟು ಬಿಗಿಯುವ ನಿಯಮಕ್ಕೂ ನಡುವೆ, ಬೇರೆ ಭಾಷೆಗಳ ಜೊತೆ ಕನ್ನಡದಲ್ಲೂ ಒಂದು ಸಾಲು ಇತ್ತು: “ಯಂತ್ರಕ್ಕೆ ನಮಸ್ಕಾರ ಮಾಡುವವರು ಯಂತ್ರ ನಡೆಯುತ್ತಿರುವಾಗಲೇ ಮಾಡತಕ್ಕದ್ದು.” ಕೆಳಗೆ ಡಾಕ್ಟರ ಸಹಿ, ಬಾಯಾರ ಸಹಿ. ನಾನು ಅದರ ಅಂಚನ್ನು ಉಗುರಿನಿಂದ ಕೆರೆದು ನೋಡಿದೆ, ಜೋಕಿರಬಹುದೇ ಎಂದು. ಹಿಂದೆ ನಿಂತಿದ್ದ ಬಾಯಾರು, “ಮಾಡಬ್ಯಾಡ್ರಿ ಅಂತ ಬರದ್ರ ಕದ್ದು ಮಾಡ್ತೀರಿ” ಎಂದು ಹೇಳಿ ಹೋದರು. ಅಂದಿನಿಂದ ಕೆಲಸ ಬಿಡುವ ತನಕ ಎಲ್ಲರ ಎದುರಿಗೇ, ಗುರುಗುಟ್ಟುವ ಮೋಟಾರಿಗೆ ದಿನಾ ಕೈ ಮುಗಿದೆ. ಯಾರೂ ನಗಲಿಲ್ಲ, ನಿಯಮ ಅಲ್ಲವೇ.

ಆ ಬ್ಯಾಚು ಆಸ್ಪತ್ರೆಗೆ ಹೋದ ದಿನ ನಾನು ಪೇಡೆ ಹಂಚಿದೆ. ಬಾಯಾರು ಪೇಡೆಯ ಡಬ್ಬಿಯ ತಾರೀಖು ಕೆರೆದು ನೋಡಿ ಒಂದು ತೆಗೆದುಕೊಂಡರು. “ಇನ್ನ ಜನಾ ಎದ್ದು ನಡೀತಾರ ನೋಡ್ರಿ” ಎಂದೆ. “ಮಾಲು ಹೋತು ಅಂತ ಸಹಿ ಮಾಡೀನಿ. ನಡದ್ರು ಅಂತ ಮಾಡಿಲ್ಲ” ಎಂದರು. ನಡೆದರೋ ಇಲ್ಲವೋ ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದನ್ನು ಕಲಿತದ್ದು ಅವರಿಂದಲೇ. ಇಲ್ಲವಾದರೆ ನನ್ನಂಥವನು ಇಷ್ಟು ಹೊತ್ತಿಗೆ ಇಲ್ಲಿ ಹತ್ತು ರೋಗಿಗಳನ್ನು ಎಬ್ಬಿಸಿ ಓಡಿಸಿಬಿಡುತ್ತಿದ್ದ.

ನಿವೃತ್ತಿಯಾದ ಮೇಲೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ನೋಡಲು ಹೋದಾಗ ಹಾಸಿಗೆಯಲ್ಲಿ ಕೂತು ಗುಳಿಗೆಯ ಪಟ್ಟಿ ಕೆರೆಯುತ್ತಿದ್ದರು. ನಾನು ಒಯ್ದಿದ್ದ ರೊಟ್ಟಿಯ ಡಬ್ಬಿಗೆ ಲೇಬಲ್ ಹಚ್ಚಿದ್ದೆ, ಈ ಸಲ ತಯಾರಿಸಿದ ವೇಳೆ ಸಹಿತ. ಬಹಳ ಹೊತ್ತು ಓದಿದರು. ತಿನ್ನುವ ಸ್ಥಿತಿಯಲ್ಲಿರಲಿಲ್ಲ, ತಂಗಿಯ ಮಗಳನ್ನು ಕರೆದು ಪೆನ್ನು ತರಿಸಿ, ಲೇಬಲ್ಲಿನ ಕೆಳಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಅಕ್ಷರ ದುಂಡಗಿರಲಿಲ್ಲ.

ಎರಡು ವಾರದ ಬಳಿಕ ಆ ಹುಡುಗಿಯೇ ಫೋನು ಮಾಡಿದಳು. ಮಣಿಕೊಂಡಕ್ಕೆ ಹೋದಾಗ ನಡುಮನೆಯಲ್ಲಿ ಅವರನ್ನು ಮಲಗಿಸಿದ ಗಾಜಿನ ಮುಚ್ಚಳದ ತಣ್ಣನೆಯ ಪೆಟ್ಟಿಗೆ, ಪಕ್ಕದಲ್ಲಿ ಅದರ ಮೋಟಾರು ಸದ್ದು ಮಾಡುತ್ತಿತ್ತು. ಬೇರಿಂಗು ಚೆನ್ನಾಗಿರಲಿಲ್ಲ. ಗಾಜಿನ ಮೂಲೆಯಲ್ಲಿ ಬಾಡಿಗೆಯವರು ಅಂಟಿಸಿದ ಚೀಟಿ, ಅದರಲ್ಲಿ ಅವರ ಹೆಸರು. ನಾನು ಬಗ್ಗಿ ಅದರ ಅಂಚನ್ನು ಹೆಬ್ಬೆರಳಿನಿಂದ ಕೆರೆದೆ. ಸ್ವಲ್ಪ ಎದ್ದಿತು. ಕೆಳಗೆ ಬೇರೆ ಹೆಸರಿರಲಿಲ್ಲ.

ನಾನು ಕೈ ಎತ್ತಿದ್ದನ್ನು ಕಂಡು ಪೆಟ್ಟಿಗೆಯ ಜೊತೆ ಬಂದಿದ್ದವನು ಸ್ವಿಚ್ಚಿನ ಕಡೆ ಹೋದ. ಸದ್ದಿನಿಂದ ನನ್ನ ನಮಸ್ಕಾರಕ್ಕೆ ತೊಂದರೆಯಾದೀತು, ಎರಡು ನಿಮಿಷ ನಿಲ್ಲಿಸೋಣ ಎಂದು ಅವನ ಎಣಿಕೆ. “ಬಂದ್ ಕರೂಂ ಕ್ಯಾ ಚಾಚಾ? ದೋ ಮಿನಟ್?”

“ನಕ್ಕೋ” ಎಂದೆ. “ಚಲ್ನೇ ದೇ.”

ಮೋಟಾರು ನಡೆಯುತ್ತಲೇ ಇತ್ತು. ಕೈ ಮುಗಿದೆ.